ಮದುವೆ ಫೋಟೊ: ಕೂಡಿಡುವವರು ಯಾರು?

ಗಟ್ಟಿಮೇಳ ಶುರುವಾಯಿತೆಂದರೆ ಮಂಟಪದ ಸುತ್ತ ಅಕ್ಷತೆಗಿಂತ ಮೊದಲು ಮೇಲೇಳುವುದು ಮೊಬೈಲು. ಫೋಟೊಗ್ರಾಫರ್ ಸ್ಟೂಲಿನ ಮೇಲೆ ನಿಂತು ‘ಸ್ವಲ್ಪ ಸೈಡಿಗೆ ಬನ್ನಿ ಸರ್’ ಎಂದು ಕೂಗಿದರೂ ಯಾರೂ ಕದಲುವುದಿಲ್ಲ. ಇದನ್ನು ಕಂಡು ಗೊಣಗುವವರು, ತಮಾಷೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಆಮೇಲಿನದರ ಬಗ್ಗೆ. ಅಷ್ಟು ಜನ ಅಷ್ಟು ಮುತುವರ್ಜಿಯಿಂದ ತೆಗೆದ ಫೋಟೊಗಳು ಮದುವೆಯಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ ಎಲ್ಲಿರುತ್ತವೆ ಎಂದು ಕೇಳಿದರೆ ಮದುಮಕ್ಕಳಿಗೂ ಗೊತ್ತಿರುವುದಿಲ್ಲ. ಒಂದಿಷ್ಟು ಫ್ಯಾಮಿಲಿ ಗ್ರೂಪಿನಲ್ಲಿ ‘ಶುಭೋದಯ’ಗಳ ಅಡಿಯಲ್ಲಿ ಹೂತುಹೋಗಿರುತ್ತವೆ. ಒಂದಿಷ್ಟು ಸ್ಟೇಟಸ್ಸಿಗೆ ಹೋಗಿ 24 ಗಂಟೆಯಲ್ಲಿ ಮಾಯವಾಗಿರುತ್ತವೆ. ಮಿಕ್ಕವು ತೆಗೆದವರ ಫೋನಿನಲ್ಲೇ ಉಳಿದು, ಆ ಫೋನು ಎಕ್ಸ್‌ಚೇಂಜಿಗೆ ಹೋದ ದಿನ ಅದರ ಜೊತೆಗೇ ಹೋಗುತ್ತವೆ. ಸರಿಯಾದ ಆ್ಯಪ್ ಸಿಕ್ಕಿಲ್ಲ, ಅದಕ್ಕೇ ಹೀಗೆ ಎಂದು ನಾವು ಅಂದುಕೊಂಡಿದ್ದೇವೆ. ಪ್ರತಿ ಮದುವೆಗೂ ಹೊಸದೊಂದನ್ನು ಹುಡುಕುತ್ತೇವೆ. ನಿಜವಾಗಿ ಸಿಗದೇ ಇರುವುದು ಹೊಣೆ ಹೊರುವ ಒಬ್ಬ ಮನುಷ್ಯ. ಅತಿಥಿಗಳ ಫೋಟೊ ಕೂಡಿಸುವ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸದ ಹೊರತು ಯಾವ ಆ್ಯಪೂ ಅದನ್ನು ಮಾಡಿಕೊಡುವುದಿಲ್ಲ. ವಹಿಸಿದರೆ, ಈಗಿರುವ ಫೋನು, ಒಂದು ಕೇಬಲ್, ಒಂದು ವಾರ ಸಾಕು.

‘ದುಡ್ಡು ಸುರಿದು ಕ್ಯಾಂಡಿಡ್ಡು, ಡ್ರೋನು ಎಲ್ಲ ಮಾಡಿಸಿದ್ದೇವಲ್ಲ, ನೆಂಟರ ಮೊಬೈಲ್ ಫೋಟೊ ಯಾರಿಗೆ ಬೇಕು?’ ಎನ್ನುವವರು ಇದ್ದಾರೆ. ಇದಕ್ಕೆ ಮೊದಲು ಉತ್ತರ ಹೇಳಬೇಕು. ಸ್ಟುಡಿಯೊದವರು ಬರುವುದು ಒಂದು ಕರಾರಿನ ಮೇಲೆ: ವರಪೂಜೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಇಳಿಯುವ ಸಾಲು. ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅವರಿಗೆ ಯಾರು ಯಾರೆಂದು ಗೊತ್ತಿಲ್ಲ. ಮೂರನೇ ಸಾಲಿನ ಕುರ್ಚಿಯಲ್ಲಿ ಕೋಲು ಊರಿಕೊಂಡು ಕೂತ ಹಿರಿಯರು ಹುಡುಗಿಯ ಅಜ್ಜನ ತಮ್ಮ, ಹತ್ತು ವರ್ಷದ ಮನಸ್ತಾಪ ಮರೆತು ಬಂದವರು ಎಂಬುದು ಕ್ಯಾಮೆರಾದವನಿಗೆ ಹೇಗೆ ತಿಳಿಯಬೇಕು? ಅದು ತಿಳಿದಿರುವುದು ಪಕ್ಕದಲ್ಲಿ ಕೂತ ಮೊಮ್ಮಗಳಿಗೆ. ಆ ಫೋಟೊ ಇರುವುದೂ ಅವಳ ಫೋನಿನಲ್ಲೇ. ಹಿಂದಿನ ರಾತ್ರಿ ಚಪ್ಪರದಡಿ ಹೂ ಕಟ್ಟುತ್ತ ಕೂತ ಹೆಂಗಸರು, ಬೆಳಗಿನ ಜಾವ ಒಲೆಯ ಮುಂದಿರುವ ಅಡುಗೆಯವರು, ದಿಬ್ಬಣದ ಬಸ್ಸಿನ ಹಿಂದಿನ ಸೀಟು, ಪಂಕ್ತಿಯಲ್ಲಿ ಬಡಿಸುತ್ತ ಬೆವರಿದ ಸೋದರಮಾವ, ಹುಡುಗಿಯನ್ನು ಕಳಿಸಿಕೊಟ್ಟ ಮೇಲೆ ಖಾಲಿ ಛತ್ರದಲ್ಲಿ ಪಾತ್ರೆ ಎಣಿಸುವವರು, ಇವೆಲ್ಲ ಬಾಡಿಗೆ ಕ್ಯಾಮೆರಾದ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನು ಕುವೆಂಪು ರೂಪಿಸಿಕೊಟ್ಟ ಮಂತ್ರ ಮಾಂಗಲ್ಯದಂಥ ಸರಳ ಮದುವೆಗಳಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮದುವೆಗಳಲ್ಲಿ, ಐವತ್ತೇ ಜನ ಎಂದು ಸರ್ಕಾರ ಮಿತಿ ಹಾಕಿದ್ದ 2020ರ ಕೊರೊನಾ ಕಾಲದ ಮದುವೆಗಳಲ್ಲಿ ಎಷ್ಟೋ ಕಡೆ ಸ್ಟುಡಿಯೊದವರೇ ಇರಲಿಲ್ಲ. ಅಲ್ಲಿ ಅತಿಥಿಗಳು ತೆಗೆದದ್ದೇ ಇಡೀ ದಾಖಲೆ.

ದಾಖಲೆ ಎಂಬ ಮಾತು ಭಾರವಾಯಿತು ಎನಿಸಿದರೆ ಒಂದು ಉದಾಹರಣೆ ನೋಡಬಹುದು. 2010ರಲ್ಲಿ ಅನೂಷಾ ಯಾದವ್ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಶುರುಮಾಡಿದರು. ಮೊದಲು ಅವರ ಮನಸ್ಸಿನಲ್ಲಿದ್ದದ್ದು ಭಾರತೀಯ ಮದುವೆಗಳ ಕುರಿತ ಒಂದು ಪುಸ್ತಕ. ಅದಕ್ಕಾಗಿ ಫೇಸ್‌ಬುಕ್‌ನಲ್ಲಿ ಜನರಿಂದ ಮದುವೆ ಫೋಟೊಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಕೇಳಿದರು. ಅದೇ ಬೆಳೆದು ಮನೆಮನೆಯ ಹಳೆಯ ಫೋಟೊಗಳ ಮೂಲಕ ಈ ಉಪಖಂಡದ ಚರಿತ್ರೆಯನ್ನು ಹೇಳುವ ಆನ್‌ಲೈನ್ ಸಂಗ್ರಹವಾಯಿತು. ಅಲ್ಲಿನ ಫೋಟೊಗಳಿಗೆ ಬೆಲೆ ಬಂದದ್ದು ಅವು ಚೆಂದ ಇವೆ ಎಂದೇನೂ ಅಲ್ಲ. ಎಷ್ಟೋ ಫೋಟೊ ಮಾಸಿವೆ, ಅಂಚು ಹರಿದಿವೆ. ಪ್ರತಿಯೊಂದರ ಜೊತೆ ಇದು ಯಾರು, ಯಾವ ಊರು, ಯಾವ ಕಾಲ, ಆಮೇಲೆ ಏನಾಯಿತು ಎಂಬ ವಿವರ ಇದೆ, ಬೆಲೆ ಅದಕ್ಕೆ. ಆ ವಿವರ ಹೇಳಲು ಮನೆಯಲ್ಲಿ ಯಾರಾದರೂ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯ ಜೊತೆ ಫೋಟೊ ಕೇಳುತ್ತಾರಲ್ಲ, ಅಲ್ಲಿಗೆ ಒಂದು ಫೋಟೊ ಸಾಕು. ಮನೆತನದ ನೆನಪಿಗೆ ಸಾಲದು.

ಇನ್ನು ಈ ಫೋಟೊಗಳು ಹಾಳಾಗುವ ಬಗೆಯನ್ನು ಹತ್ತಿರದಿಂದ ನೋಡೋಣ. ‘ಗ್ರೂಪಿಗೆ ಹಾಕಿಬಿಡು’ ಎನ್ನುವುದು ಈಗ ನಮ್ಮೆಲ್ಲರ ಬಾಯಲ್ಲಿರುವ ಪರಿಹಾರ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ ಒಂದು ಬದಿ 4000, ಇನ್ನೊಂದು ಬದಿ 3000 ಚುಕ್ಕಿ. ಒಟ್ಟು 1 ಕೋಟಿ 20 ಲಕ್ಷ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದನೆಯ ಬದಿ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. 1600ಕ್ಕೆ 1200 ಎಂದರೆ ಒಟ್ಟು 19 ಲಕ್ಷ ಚಿಲ್ಲರೆ. ಆರು ಪಾಲಿನಲ್ಲಿ ಐದು ಪಾಲು ದಾರಿಯಲ್ಲೇ ಸೋರಿಹೋಯಿತು. ಫೋನಿನ ಪರದೆಯ ಮೇಲೆ ಇದು ಗೊತ್ತಾಗುವುದಿಲ್ಲ, ಗೊತ್ತಾಗುವುದು ಪ್ರಿಂಟ್ ಹಾಕಿಸುವಾಗ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಬೇಕು ಎಂಬ ಲೆಕ್ಕ ಹಿಡಿದರೆ ಮೂಲ ಫೋಟೊ 13 ಇಂಚಿನವರೆಗೆ ಹಿಗ್ಗುತ್ತದೆ, ಗ್ರೂಪಿನಿಂದ ಇಳಿಸಿಕೊಂಡದ್ದು 5 ಇಂಚು ದಾಟಿದರೆ ಮಸುಕು. ಬಿಚ್ಚಿದರೆ 36 ಇಂಚು ಅಗಲವಾಗುವ ಕರಿಷ್ಮಾ ಆಲ್ಬಮ್ಮಿನ ಪುಟಕ್ಕೆ ಅದನ್ನು ಹಾಕಿ ಎಂದರೆ ಸ್ಟುಡಿಯೊದವರು ತಲೆಯಾಡಿಸುವುದು ಸುಮ್ಮನಲ್ಲ. ಗ್ರೂಪ್ ಫೋಟೊದ ಪಾಡು ಇನ್ನೂ ಕಷ್ಟ. ಒಂದು ಸಾಲಿನಲ್ಲಿ 20 ಜನ ನಿಂತರೆ ಮೂಲದಲ್ಲಿ ಒಬ್ಬರ ಪಾಲಿಗೆ ಹೆಗಲೂ ಸೇರಿ 200 ಚುಕ್ಕಿ ಅಗಲ ಸಿಗುತ್ತದೆ. ಗ್ರೂಪಿಗೆ ಹಾಕಿದ ಮೇಲೆ 80. ಹಿಂದಿನ ಸಾಲಿನ ಚಿಕ್ಕಮ್ಮನ ಮುಖ ಆ 80ರಲ್ಲಿ ಅರ್ಧ. ಹಿಗ್ಗಿಸಿ ನೋಡಿದರೆ ಕುಂಕುಮ ಯಾವುದು, ಮೂಗುತಿ ಯಾವುದು ತಿಳಿಯುವುದಿಲ್ಲ.

ಚುಕ್ಕಿಗಳ ಜೊತೆ ಇನ್ನೊಂದು ವಸ್ತು ಸೋರಿಹೋಗುತ್ತದೆ, ಅದರ ಕಡೆ ಗಮನ ಕೊಡುವವರು ಕಡಿಮೆ. ಫೋನು ತೆಗೆಯುವ ಪ್ರತಿ ಫೋಟೊದ ಒಳಗೆ ಅದನ್ನು ತೆಗೆದ ದಿನ, ಗಂಟೆ, ನಿಮಿಷ, ಎಷ್ಟೋ ಸಲ ಸ್ಥಳವೂ ಬರೆದಿರುತ್ತದೆ. ಫೋಟೊ ಆಗಿ ಕಳಿಸುವಾಗ ವಾಟ್ಸ್‌ಆ್ಯಪ್ ಈ ಬರಹವನ್ನು ತೆಗೆದುಹಾಕುತ್ತದೆ. ಖಾಸಗಿತನದ ದೃಷ್ಟಿಯಿಂದ ಅದು ಒಳ್ಳೆಯದೇ. ಸಂಗ್ರಹದ ದೃಷ್ಟಿಯಿಂದ ನಷ್ಟ. ಮದುವೆಯಾಗಿ ನಾಲ್ಕು ದಿನದ ಮೇಲೆ ಯಾರೋ ಕಳಿಸಿದ ಧಾರೆಯ ಫೋಟೊ ನಿಮ್ಮ ಫೋನಿನಲ್ಲಿ ಬೀಗರ ಊಟದ ಫೋಟೊಗಳ ನಡುವೆ ಕೂರುತ್ತದೆ, ಏಕೆಂದರೆ ಅದಕ್ಕೆ ಈಗ ಇರುವುದು ಬಂದ ತಾರೀಖು ಮಾತ್ರ. ಮೇಲಾಗಿ ವಾಟ್ಸ್‌ಆ್ಯಪ್ ಸಂದೇಶ ಮುಟ್ಟಿಸುವ ವ್ಯವಸ್ಥೆಯೇ ಹೊರತು ಕಪಾಟಲ್ಲ. ತಲುಪದ ಸಂದೇಶವನ್ನು ಅದು 30 ದಿನ ಕಾದು ಅಳಿಸಿಬಿಡುತ್ತದೆ. ಗ್ರೂಪಿನಲ್ಲಿದ್ದೂ ಇಳಿಸಿಕೊಳ್ಳದ ಹಳೆಯ ಫೋಟೊ ಮುಟ್ಟಿದರೆ ಕಳಿಸಿದವರನ್ನು ಮತ್ತೆ ಕಳಿಸಲು ಕೇಳಿ ಎಂಬ ಸೂಚನೆ ಬರುವುದನ್ನು ಎಲ್ಲರೂ ಕಂಡಿದ್ದಾರೆ. ಅಷ್ಟು ಹೊತ್ತಿಗೆ ಕಳಿಸಿದವರೂ ‘ಸ್ಟೋರೇಜ್ ಫುಲ್’ ಎಂದು ಅಳಿಸಿರುತ್ತಾರೆ.

ತಿಳಿದವರು ಇದಕ್ಕೆ ಎರಡು ಉತ್ತರ ಕೊಡುತ್ತಾರೆ. 2023ರಿಂದ ವಾಟ್ಸ್‌ಆ್ಯಪ್‌ನಲ್ಲೇ ‘ಎಚ್‌ಡಿ’ ಇದೆಯಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ 2 ಜಿಬಿವರೆಗಿನ ಫೈಲು ಒಂದು ಚುಕ್ಕಿಯೂ ಕಡಿಮೆಯಾಗದೆ ಹೋಗುತ್ತದಲ್ಲ ಎನ್ನುವುದು ಮೊದಲನೆಯದು. ನಿಜ. ಎಚ್‌ಡಿಯಲ್ಲೂ ಸ್ವಲ್ಪ ಹಿಂಡುವುದುಂಟು, ಡಾಕ್ಯುಮೆಂಟ್‌ನಲ್ಲಿ ಅದೂ ಇಲ್ಲ. ಆದರೆ ಅದನ್ನು ಪ್ರತಿ ನೆಂಟರಿಗೂ ತಿಳಿಸಿ, ನೆನಪಿಸಿ, ತಪ್ಪಿ ಕಳಿಸಿದವರಿಂದ ಮತ್ತೆ ತರಿಸಿಕೊಳ್ಳುವವರು ಯಾರು? ಎರಡನೆಯದು ಗೂಗಲ್ ಫೋಟೊಸ್‌ನ ಹಂಚಿಕೆ ಆಲ್ಬಮ್. ಇದು ಹೆಚ್ಚು ಗಟ್ಟಿ ಉತ್ತರ, ಒಂದು ಆಲ್ಬಮ್ಮಿಗೆ 20,000 ಫೋಟೊ ಹಿಡಿಸುತ್ತದೆ. ಆದರೂ ಮೂರು ತೊಡಕುಗಳಿವೆ. 2021ರ ಜೂನ್ 1ರಿಂದ ಗೂಗಲ್‌ನ ಉಚಿತ, ಮಿತಿಯಿಲ್ಲದ ಸಂಗ್ರಹ ನಿಂತಿತು. ಜಿಮೇಲ್, ಡ್ರೈವ್ ಎಲ್ಲ ಸೇರಿ ಸಿಗುವುದು 15 ಜಿಬಿ, ಎಷ್ಟೋ ಜನರ ಖಾತೆ ಈಗಾಗಲೇ ತುಂಬಿ ತುಳುಕುತ್ತಿದೆ. ಅತಿಥಿ ಸೇರಿಸಿದ ಫೋಟೊ ಅತಿಥಿಯ ಲೆಕ್ಕದಲ್ಲೇ ಇರುತ್ತದೆ. ಆತ ಜಾಗ ಸಾಲದೆ ತನ್ನ ಖಾತೆಯಿಂದ ಅಳಿಸಿದರೆ ನಿಮ್ಮ ಆಲ್ಬಮ್ಮಿನಿಂದಲೂ ಹೋಗುತ್ತದೆ, ಮೊದಲೇ ನೀವು ಅದನ್ನು ಉಳಿಸಿಕೊಂಡಿರದಿದ್ದರೆ. ಮೂರನೆಯದು ಬುದ್ಧಿವಂತರೇ ಬೀಳುವ ಹಳ್ಳ. ಮದುವೆಗೆಂದೇ ಹೊಸ ಜಿಮೇಲ್ ಖಾತೆ ತೆರೆದು, ಹೊಸ 15 ಜಿಬಿ ಪಡೆದು, ಎಲ್ಲವನ್ನೂ ಅಲ್ಲಿ ತುಂಬಿ ನಿಶ್ಚಿಂತರಾಗುತ್ತಾರೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಮೊದಲ ವಾರ್ಷಿಕೋತ್ಸವಕ್ಕೆ ತೆರೆದು ನೋಡಿ ಆಮೇಲೆ ಮರೆತವರು ಮಗುವಿನ ನಾಮಕರಣದ ಹೊತ್ತಿಗೆ ಹುಡುಕಿದರೆ ಖಾತೆಯೇ ಇಲ್ಲದಿರಬಹುದು. ಐಫೋನಿನವರು ಬಳಸುವ ಐಕ್ಲೌಡ್ ಹಂಚಿಕೆ ಆಲ್ಬಮ್ ಫೋಟೊವನ್ನು 2048 ಚುಕ್ಕಿಗೆ ಇಳಿಸುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಈ ಪ್ರತಿ ತೊಡಕಿಗೂ ಪರಿಹಾರ ಇದೆ, ಮತ್ತು ಪ್ರತಿ ಪರಿಹಾರವೂ ಒಬ್ಬ ಮನುಷ್ಯ ಬೆನ್ನು ಹತ್ತುವುದನ್ನು ಬೇಡುತ್ತದೆ. ನಮ್ಮ ಮದುವೆಗಳಿಗೆ ಇಂಥ ಏರ್ಪಾಡು ಹೊಸದೇನೂ ಅಲ್ಲ. ಮುಯ್ಯಿ ಬರೆಯುವುದಕ್ಕೆ ಒಬ್ಬರು ಇದ್ದೇ ಇರುತ್ತಾರೆ. ನೂರು ಪುಟದ ನೋಟ್‌ಬುಕ್ಕು, ಮೊದಲ ಪುಟಕ್ಕೆ ಅರಿಶಿನ ಕುಂಕುಮ, ಆಮೇಲೆ ಸಾಲು ಸಾಲಾಗಿ ಹೆಸರು, ಊರು, ಕೊಟ್ಟದ್ದು ಎಷ್ಟು. ಇಪ್ಪತ್ತು ವರ್ಷ ಕಳೆದ ಮೇಲೂ ಆ ಪುಸ್ತಕ ಬೀರುವಿನಿಂದ ಹೊರಬರುತ್ತದೆ, ಅವರ ಮನೆಯ ಮದುವೆಗೆ ನಾವು ಏನು ಮಾಡಬೇಕು ಎಂದು ನೋಡಲು. ಅದು ಕೆಲಸ ಮಾಡುವುದು ಏಕೆಂದರೆ ಬರೆಯುವವರು ಒಬ್ಬರೇ, ಪುಸ್ತಕ ಒಂದೇ, ಬರೆಯುವುದು ಅಲ್ಲೇ ಆಗಲೇ, ಹೆಸರಿಲ್ಲದ ಸಾಲು ಇರುವುದೇ ಇಲ್ಲ. ಫೋಟೊಗಳ ವಿಷಯದಲ್ಲಿ ಈ ನಾಲ್ಕೂ ತಪ್ಪಿವೆ. ಐನೂರು ರೂಪಾಯಿಯ ಲೆಕ್ಕವನ್ನು ಇಷ್ಟು ಜೋಪಾನವಾಗಿ ಇಡುವ ನಾವು, ಅದನ್ನು ಕೊಟ್ಟವರ ಮುಖವನ್ನು ಗ್ರೂಪಿಗೆ ಎಸೆದು ಸುಮ್ಮನಾಗುತ್ತೇವೆ.

ಆ ಒಬ್ಬರು ಯಾರಾಗಬೇಕು? ಮನೆಯಲ್ಲಿ ಯಾರಾದರೂ ಎಂಜಿನಿಯರಿಂಗ್ ಓದುತ್ತಿದ್ದರೆ ಈ ಕೆಲಸ ತಾನಾಗಿ ಅವರ ಹಣೆಗೆ ಬರೆದಂತೆ, ಟಿವಿ ರಿಮೋಟ್ ಸರಿಮಾಡುವುದರಿಂದ ಹಿಡಿದು ಎಲ್ಲವೂ ಅವರದೇ ತಾನೆ. ಲ್ಯಾಪ್‌ಟಾಪ್ ಹಿಡಿಯಲು ಅವರು ಸರಿ. ಆದರೆ ಮದುಮಕ್ಕಳ ಮೇಲಂತೂ ಹೊರಿಸಬಾರದು. ದೇವಸ್ಥಾನ, ನೆಂಟರ ಮನೆ ಎಂದು ಸುತ್ತುವುದರಲ್ಲಿ ಅವರಿಗೆ ಪುರಸೊತ್ತು ಇರುವುದಿಲ್ಲ. ದಿನವನ್ನೂ ಮೊದಲೇ ಗೊತ್ತುಮಾಡಬೇಕು. ನನ್ನ ಮಟ್ಟಿಗೆ ಬೀಗರ ಊಟದ ದಿನಕ್ಕಿಂತ ಒಳ್ಳೆಯದು ಇಲ್ಲ. ಮುಖ್ಯ ನೆಂಟರೆಲ್ಲ ಒಂದೇ ಚಪ್ಪರದಡಿ ಇರುತ್ತಾರೆ, ಫೋಟೊಗಳು ಇನ್ನೂ ಫೋನಿನಲ್ಲೇ ಇರುತ್ತವೆ, ಊಟದ ಮೇಲೆ ಎಲ್ಲರಿಗೂ ಬಿಡುವು. ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್, ಎರಡು ಬಗೆಯ ಕೇಬಲ್, ಒಂದು ಕಾರ್ಡ್ ರೀಡರ್ ಇಟ್ಟುಕೊಂಡು ಕೂತರೆ ಇಂಟರ್‌ನೆಟ್ಟಿನ ಹಂಗೇ ಇಲ್ಲ. ಹಳ್ಳಿಯ ಮದುವೆಗಳಿಗೆ ಇದು ದೊಡ್ಡ ಮಾತು. ಮೊದಲು ಇದಕ್ಕೆ ಎಲ್ಲರ ಫೋನಿನಲ್ಲೂ ಶೇರ್‌ಇಟ್ ಇರುತ್ತಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಹೋಯಿತು. ಈಗ ಆಂಡ್ರಾಯ್ಡ್‌ನಲ್ಲಿ ಕ್ವಿಕ್ ಶೇರ್, ಐಫೋನ್‌ನಲ್ಲಿ ಏರ್‌ಡ್ರಾಪ್ ಅದೇ ಕೆಲಸ ಮಾಡುತ್ತವೆ, ಚುಕ್ಕಿ ಕಡಿಮೆ ಮಾಡದೆ. ಬಾರದವರಿಗೆ, ದೂರ ಇರುವವರಿಗೆ ಮಾತ್ರ ಲಿಂಕ್ ಕಳಿಸಿದರೆ ಸಾಕು. ಒಬ್ಬೊಬ್ಬರ ಫೋಟೊಗೂ ಅವರ ಹೆಸರಿನ ಬೇರೆ ಫೋಲ್ಡರ್ ಮಾಡಬೇಕು. ತೆಗೆದವರು ಯಾರು ಎಂದು ಆಮೇಲೆ ಕೇಳಬೇಕಾಗಿ ಬರುತ್ತದೆ.

ಹೀಗೆ ಮೂಲ ಫೈಲುಗಳನ್ನು ತಂದುಕೊಂಡರೆ ಸಿಗುವ ಲಾಭ ಒಂದನ್ನು ವಿವರಿಸಲೇಬೇಕು. ಹತ್ತು ಜನರ ಫೋಟೊಗಳನ್ನು ಒಟ್ಟಿಗೆ ಹಾಕಿ ವೇಳೆಯ ಪ್ರಕಾರ ಜೋಡಿಸಿದರೆ ಮದುವೆ ಬೇರೆಯೇ ರೀತಿ ಕಾಣುತ್ತದೆ: ಅಂತರಪಟ ಸರಿದ ಗಳಿಗೆಯಲ್ಲಿ ಮಂಟಪದಲ್ಲಿ ಏನಿತ್ತು, ಅದೇ ನಿಮಿಷ ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದವರು ಯಾರು, ಹೊರಗೆ ಮಕ್ಕಳು ಏನು ಮಾಡುತ್ತಿದ್ದರು. ಫೋನುಗಳ ಗಡಿಯಾರ ನೆಟ್‌ವರ್ಕಿನಿಂದ ಸರಿಯಾಗುವುದರಿಂದ ಅವು ಒಂದಕ್ಕೊಂದು ಹೊಂದುತ್ತವೆ. ಹೊಂದದೇ ಇರುವುದು ಕೈಯಲ್ಲಿ ಗಂಟೆ ಹೊಂದಿಸುವ ಕ್ಯಾಮೆರಾಗಳು. ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಅಣ್ಣ ತನ್ನ ಕ್ಯಾಮೆರಾದ ಗಡಿಯಾರ ಬದಲಿಸದಿದ್ದರೆ ಅದು ನಮ್ಮ ಸಮಯಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಮೈಸೂರಿನಲ್ಲಿ ಬೆಳಿಗ್ಗೆ 10:30ರ ಮುಹೂರ್ತದಲ್ಲಿ ಕಟ್ಟಿದ ತಾಳಿ ಆ ಕ್ಯಾಮೆರಾದ ಪ್ರಕಾರ ಹಿಂದಿನ ರಾತ್ರಿ 9 ಗಂಟೆಗೇ ಕಟ್ಟಿಯಾಗಿರುತ್ತದೆ. ಎಲ್ಲವನ್ನೂ ಕಲಸುವ ಮೊದಲು ಆ ಒಂದು ಫೋಲ್ಡರಿನ ವೇಳೆಯನ್ನು ಒಟ್ಟಾಗಿ ಮುಂದಕ್ಕೆ ತಳ್ಳಿದರೆ ಆಯಿತು. ಅದಕ್ಕೆ ಉಚಿತ ಸಾಫ್ಟ್‌ವೇರ್‌ಗಳಿವೆ. ಕಲಸಿದ ಮೇಲೆ ಬಿಡಿಸುವುದು ಪ್ರಯಾಸ. ಬೇರೆ ಬೇರೆ ಫೋಲ್ಡರ್ ಎಂದದ್ದು ಇದಕ್ಕೂ.

‘ಸಾವಿರಾರು ಫೋಟೊ ಗುಡ್ಡೆ ಹಾಕಿ ನೋಡುವವರು ಯಾರು?’ ಇದು ಅತ್ಯಂತ ನ್ಯಾಯವಾದ ಆಕ್ಷೇಪ, ಮತ್ತು ಇದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಆರಿಸದ ಗುಡ್ಡೆಗೂ ಅಳಿಸಿಹೋದ ಗುಡ್ಡೆಗೂ ವ್ಯತ್ಯಾಸ ಕಡಿಮೆ. ಫಿಲ್ಮ್ ರೋಲಿನ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ, ಇಡೀ ಮದುವೆಗೆ ಕೆಲವು ರೋಲು. ಆಯ್ಕೆ ಕ್ಯಾಮೆರಾ ಒತ್ತುವ ಮೊದಲೇ ನಡೆದಿರುತ್ತಿತ್ತು. ಈಗ ಅದು ಆಮೇಲಿನ ಕೆಲಸ. ಎಲ್ಲ ಮೂಲಗಳನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಅದರ ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಟ್ಟು, ಅದರಿಂದ ಇನ್ನೂರೋ ಮುನ್ನೂರೋ ಆರಿಸಬೇಕು. ಆರಿಸುವಾಗ ಚೆಂದಕ್ಕಿಂತ ಹಾಜರಿ ಮುಖ್ಯ: ಬಂದವರಲ್ಲಿ ಪ್ರತಿಯೊಂದು ಮನೆಯವರೂ ಒಂದು ಫೋಟೊದಲ್ಲಾದರೂ ಇರಬೇಕು. ಆಮೇಲೆ ಹೆಸರು. ಹಳೆಯ ಸ್ಕೂಲು, ಕಾಲೇಜಿನ ಗ್ರೂಪ್ ಫೋಟೊಗಳ ಅಡಿಯಲ್ಲಿ ‘ಕುಳಿತವರು ಎಡದಿಂದ ಬಲಕ್ಕೆ’, ‘ನಿಂತವರು, ಎರಡನೆಯ ಸಾಲು’ ಎಂದು ಅಚ್ಚುಕಟ್ಟಾಗಿ ಬರೆದಿರುತ್ತಿದ್ದರು. ಬಾರದವರಿಗೆ ‘ಗೈರುಹಾಜರಿ’ ಎಂಬ ಸಾಲೂ ಇರುತ್ತಿತ್ತು. ಮದುವೆಯ ನಾಲ್ಕಾರು ಗ್ರೂಪ್ ಫೋಟೊಗಳಿಗೆ ಅಷ್ಟು ಮಾಡಿದರೆ ಉಳಿದ ಇನ್ನೂರಕ್ಕೂ ಅವೇ ಕೀಲಿ. ಇಲ್ಲಿ ಎಂಜಿನಿಯರಿಂಗ್ ಹುಡುಗ ಸಾಲುವುದಿಲ್ಲ. ಅವನ ಪಕ್ಕದಲ್ಲಿ ಎಲ್ಲ ನೆಂಟಸ್ತಿಕೆಯನ್ನೂ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿರುವ ಅತ್ತೆಯೋ ದೊಡ್ಡಮ್ಮನೋ ಕೂರಬೇಕು. ಅವರು ಹೇಳುವುದು, ಇವನು ಟೈಪ್ ಮಾಡುವುದು.

‘ಅದೆಲ್ಲ ಈಗ ಆ್ಯಪ್ ಮಾಡುತ್ತೆ ಸ್ವಾಮಿ’ ಎಂಬ ಮಾತು ಇಲ್ಲಿ ಬರುತ್ತದೆ. ಛತ್ರದ ಬಾಗಿಲಲ್ಲಿ ಕ್ಯೂಆರ್ ಕೋಡ್, ಅದನ್ನು ಸ್ಕ್ಯಾನ್ ಮಾಡಿ ಒಂದು ಸೆಲ್ಫಿ ಕೊಟ್ಟರೆ ಸಾವಿರಾರು ಫೋಟೊಗಳಲ್ಲಿ ನೀವಿರುವಷ್ಟನ್ನು ಹೆಕ್ಕಿ ಕೊಡುವ ಸೇವೆಗಳು ನಗರದ ಮದುವೆಗಳಿಗೆ ಬಂದಿವೆ. ಮುಖದ ಲಕ್ಷಣಗಳನ್ನು ಅಂಕಿಗಳ ಸಾಲಾಗಿ ಮಾಡಿ, ಆ ಸಾಲನ್ನು ಉಳಿದ ಮುಖಗಳ ಸಾಲಿಗೆ ಹೋಲಿಸುವುದು ಅದರ ಕೆಲಸದ ರೀತಿ. ಅನುಕೂಲ ಇದೆ, ಅಲ್ಲಗಳೆಯುವುದಿಲ್ಲ. ಬಾಸಿಂಗ ಹಣೆ ಮುಚ್ಚಿದಾಗ, ಅರಿಶಿನ ಮೆತ್ತಿದಾಗ, ಮುಖ ಅರ್ಧ ತಿರುಗಿದಾಗ ತಪ್ಪಬಹುದು ಎನ್ನುವುದು ಸಣ್ಣ ದೂರು. ಇಂದಲ್ಲ ನಾಳೆ ಅದು ಸುಧಾರಿಸುತ್ತದೆ. ದೊಡ್ಡ ದೂರು ಬೇರೆ ಇದೆ. ಈ ಏರ್ಪಾಡಿನಲ್ಲಿ ಹುಡುಕಿದವರಿಗೆ ಮಾತ್ರ ಫೋಟೊ, ಮತ್ತು ಪ್ರತಿಯೊಬ್ಬರೂ ಹುಡುಕುವುದು ತಮ್ಮನ್ನೇ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಸೆಲ್ಫಿ ಕೊಡುವುದಿಲ್ಲ. ಮುಂದೆ ಮನೆಯವರೆಲ್ಲ ಹುಡುಕುವುದು ಅವಳ ಫೋಟೊವನ್ನೇ. ಆ ಹೊತ್ತಿಗೆ ಅವಳು ಇರದಿದ್ದರೆ, ಆ ಸೇವೆಯ ಅವಧಿಯೂ ಮುಗಿದಿದ್ದರೆ, ಅಲ್ಲಿಗೆ ಮುಗಿಯಿತು. ಈ ಮುಖ ಆ ಮುಖ ಒಂದೇ ಎಂದು ಯಂತ್ರ ಹೇಳಬಲ್ಲದು. ಆಕೆ ಹುಡುಗಿಯ ತಾಯಿಯ ಸೋದರತ್ತೆ, ಹೆರಿಗೆಗೆ ಬಂದು ಮೂರು ತಿಂಗಳು ಜೊತೆಗಿದ್ದವಳು ಎಂಬುದನ್ನು ಯಾರಾದರೂ ಬರೆದಿಡಬೇಕು.

ಖಾಸಗಿತನದ ಆಕ್ಷೇಪ ಇದಕ್ಕಿಂತ ಗಂಭೀರ. ‘ನಮ್ಮ ಹೆಣ್ಣುಮಕ್ಕಳ ಫೋಟೊ ಊರೆಲ್ಲ ಸುತ್ತಬೇಕೆ?’ ಎಂದು ಕೇಳುವವರನ್ನು ಹಳಬರೆಂದು ತಳ್ಳಿಹಾಕುವಂತಿಲ್ಲ. ಮನೆಯವರ ವಿರೋಧದ ನಡುವೆ ಮದುವೆಯಾದ ಜೋಡಿಗೆ ಒಂದು ಫೋಟೊ, ಅದರೊಳಗಿನ ಸ್ಥಳದ ಗುರುತು ಜೀವಕ್ಕೇ ಕುತ್ತಾಗಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಮಂದಿ ಸ್ವಂತಕ್ಕೆ, ಮನೆಬಳಕೆಗೆ ಮಾಡುವ ಸಂಗ್ರಹಕ್ಕೆ ಅನ್ವಯಿಸುವುದಿಲ್ಲ. ಮುಖ ಗುರುತಿಸುವ ಸೇವೆ ಮಾರುವ ಕಂಪನಿಗೆ ಅನ್ವಯಿಸುತ್ತದೆ. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಹೀಗಾಗಿ ಮನೆಯೊಳಗೆ ನಮ್ಮನ್ನು ಕಾಯುವುದು ಕಾನೂನಿಗಿಂತ ನಮ್ಮ ವಿವೇಕವೇ. ಆದರೆ ಈ ಆಕ್ಷೇಪ ನನ್ನ ವಾದಕ್ಕೆ ವಿರುದ್ಧವಾಗಿಲ್ಲ, ಪರವಾಗಿದೆ. ಸಾವಿರ ಜನರ ಗ್ರೂಪಿಗೆ ಎಸೆದ ಫೋಟೊದ ಮೇಲೆ ಯಾರ ಹಿಡಿತವೂ ಇರುವುದಿಲ್ಲ; ಹೊಣೆಗಾರ ಒಬ್ಬರಿದ್ದರೆ ಬೇಡ ಎನ್ನುವವರಿಗೆ ಹೋಗಿ ಹೇಳಲು ಒಂದು ಬಾಗಿಲಾದರೂ ಇರುತ್ತದೆ. ಕೂಡಿಸುವಾಗ ಎಲ್ಲರಿಂದ ಕೂಡಿಸಿ, ಹಂಚುವಾಗ ಆರಿಸಿದ್ದನ್ನು ಬೇಕಾದವರಿಗಷ್ಟೇ ಹಂಚಿ. ಬಾಗಿಲ ಮೇಲಿನ ಕ್ಯೂಆರ್ ಕೋಡನ್ನು ಪಕ್ಕದ ಹಾಲಿನ ಮದುವೆಗೆ ಬಂದವರೂ ಸ್ಕ್ಯಾನ್ ಮಾಡಬಹುದು. ಕಳಿಸಲು ಮಾತ್ರ ಬಿಡುವ, ಉಳಿದವರದನ್ನು ತೋರಿಸದ ಏರ್ಪಾಡು ಇಲ್ಲಿ ಬೇಕು. ಡ್ರಾಪ್‌ಬಾಕ್ಸ್‌ನ ಫೈಲ್ ರಿಕ್ವೆಸ್ಟ್ ಅಂಥದ್ದು, ಕಳಿಸುವವರಿಗೆ ಖಾತೆಯೂ ಬೇಕಿಲ್ಲ.

ಹಕ್ಕಿನ ಪ್ರಶ್ನೆಯನ್ನೂ ಎತ್ತುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು; ಅತಿಥಿ ತಾನಾಗಿ ತೆಗೆದದ್ದು ಅತಿಥಿಯದು. ಆದ್ದರಿಂದ ಕೊಡಿ ಎಂದು ಕೇಳಬೇಕು, ಕೊಟ್ಟದ್ದನ್ನು ಜಾಹೀರಾತಿಗೋ ಯೂಟ್ಯೂಬಿಗೋ ಹಾಕುವ ಮೊದಲು ಮತ್ತೆ ಕೇಳಬೇಕು. ಮನೆಯ ಆಲ್ಬಮ್ಮಿಗೆ ಯಾರೂ ಬೇಡ ಎನ್ನುವುದಿಲ್ಲ. ಇನ್ನೊಂದು ಎಚ್ಚರಿಕೆ: ಮದುವೆ ಆಮಂತ್ರಣದ ಸೋಗಿನಲ್ಲಿ ‘ಎಪಿಕೆ’ ಫೈಲು ಕಳಿಸಿ ಫೋನಿಗೆ ಕನ್ನ ಹಾಕುವವರ ಬಗ್ಗೆ 2024ರಿಂದ ಪೊಲೀಸರು ಹೇಳುತ್ತಲೇ ಇದ್ದಾರೆ. ಫೋಟೊ ನೋಡಲು ಏನನ್ನಾದರೂ ಇನ್‌ಸ್ಟಾಲ್ ಮಾಡಿ ಎಂದರೆ ಮಾಡಬೇಡಿ, ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೊಣೆಗಾರರು ಯಾರೆಂದು ಮೊದಲೇ ಎಲ್ಲರಿಗೂ ತಿಳಿಸಿದ್ದರೆ ಲಿಂಕ್ ಅವರಿಂದ ಬಂದದ್ದೇ ಅಲ್ಲವೇ ಎಂದು ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬಹುದು.

ಮದುವೆಯ ಸಡಗರದಲ್ಲಿ ಇದೊಂದು ಹೊರೆ ಎನ್ನುವವರಿಗೆ ನನ್ನ ಬಳಿ ಸಮಾಧಾನದ ಮಾತಿಲ್ಲ, ಹೊರೆ ಹೌದು. ಛತ್ರ, ಅಡುಗೆಯವರು, ವಾಲಗದವರು ಎಂದು ಪಟ್ಟಿ ಮಾಡುವ ದಿನವೇ ಫೋಟೊ ಕೂಡಿಸುವವರು ಇಂಥವರು ಎಂದು ಒಂದು ಸಾಲು ಬರೆದುಕೊಂಡರೆ ಅರ್ಧ ಹೊರೆ ಇಳಿಯುತ್ತದೆ. ಗೃಹಪ್ರವೇಶ, ಸೀಮಂತ, ಷಷ್ಟ್ಯಬ್ದಿಗೂ ಇದೇ ಮಾತು. ಕಳೆದ ವರ್ಷ ಮದುವೆ ಮುಗಿಸಿದವರಿಗೂ ಕಾಲ ಮೀರಿಲ್ಲ. ಈ ಭಾನುವಾರ ಬಂದವರ ಪಟ್ಟಿ ಹಿಡಿದು ಫೋನ್ ಮಾಡುತ್ತ ಹೋಗಿ, ಫೋಟೊಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ. ಹೊಸ ಫೋನ್ ಕೊಳ್ಳುವ ಯೋಚನೆಯಲ್ಲಿರುವ ನೆಂಟರಿಂದ ಶುರುಮಾಡಿ.